ಪ್ರೆಶರಿನ ‘ನೀರು ಗುಳಿಗೆ’ಯ ಜೊತೆ ಬದುಕುವುದು: ಕಾಸರಗೋಡಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ನೆರೆಮನೆಯ ಅಜ್ಜನಿಗೆ ಕಾಲು ಬಾತು, ಪ್ರೆಶರ್ ಏರಿ, ಡಾಕ್ಟರು ಹೊಸ ಗುಳಿಗೆ ಬರೆದುಕೊಟ್ಟರು. ಮದ್ದಿನಂಗಡಿಯ ಹುಡುಗಿ ಮಲೆಯಾಳದಲ್ಲಿ ‘ರಾವಿಲೆ ಒರೆಣ್ಣಂ, ಉಚ್ಚಯ್ಕ್ ಒರೆಣ್ಣಂ’ ಅಂದಳು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಅಜ್ಜನ ಕಿವಿಗೆ ಬಿದ್ದದ್ದು ‘ಉಚ್ಚೆಗೆ ಒಂದು’. ಹೇಗೂ ಅದು ಉಚ್ಚೆ ಹೋಗುವ ಗುಳಿಗೆಯೇ ತಾನೆ, ಮಲಗುವ ಮೊದಲು ನುಂಗಿ ಹೊಟ್ಟೆ ಹಗುರ ಮಾಡಿಕೊಳ್ಳುವುದಿರಬೇಕು ಎಂದು ಎರಡನೆಯದನ್ನು ರಾತ್ರಿ ಊಟದ ಮೇಲೆ ತೆಗೆದುಕೊಳ್ಳುತ್ತಾ ಹೋದರು. ಮೂರು ರಾತ್ರಿ ನಿದ್ದೆ ಇಲ್ಲ. ನಾಲ್ಕನೆಯ ರಾತ್ರಿ ಕತ್ತಲೆಯಲ್ಲಿ ಅಂಗಳದಾಚೆಯ ಬಚ್ಚಲಿಗೆ ಹೊರಟವರು ಹೊಸ್ತಿಲು ಎಡವಿ ಬಿದ್ದು ಮೊಣಕೈ ಮುರಿದುಕೊಂಡರು. ಮರುದಿನ ಊರಿಗೆಲ್ಲ ಹಬ್ಬಿದ ಸುದ್ದಿ: ‘ಆ ಗುಳಿಗೆ ಆಗುವುದಿಲ್ಲ ಮಾರಾಯ್ರೆ, ಮನುಷ್ಯನನ್ನು ಬೀಳಿಸುತ್ತದೆ.’

ಗುಳಿಗೆ ಬೀಳಿಸಲಿಲ್ಲ, ಹೊತ್ತು ಬೀಳಿಸಿತು. ಮೂತ್ರವರ್ಧಕ ಗುಳಿಗೆಗಳ, ಅಂದರೆ ಮೂತ್ರ ಹೆಚ್ಚಿಸಿ ಮೈಯ ನೀರಿಳಿಸುವ ‘ನೀರು ಗುಳಿಗೆ’ಗಳ ತೊಂದರೆಗಳಲ್ಲಿ ಹೆಚ್ಚಿನವು ಹೀಗೆಯೇ. ಯಾವ ಗುಳಿಗೆ, ಎಷ್ಟು ಹೊತ್ತಿಗೆ, ಅದರ ಜೊತೆ ಏನು ತಿನ್ನುತ್ತೀರಿ ಎಂಬ ಮೂರು ಸಂಗತಿ ತಿಳಿದರೆ ಮುಕ್ಕಾಲು ಪಾಲು ಕಿರಿಕಿರಿ ಕಡಿಮೆಯಾಗುತ್ತದೆ.

ನಾನು ಡಾಕ್ಟರಲ್ಲ. ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಪೆರ್ಲದ ಕಡೆಯ ನಿವೃತ್ತ ಕನ್ನಡ ಮಾಸ್ತರ. ಒಂಬತ್ತು ವರ್ಷದಿಂದ ದಿನಾ ಬೆಳಿಗ್ಗೆ ಈ ಜಾತಿಯ ಗುಳಿಗೆಯೊಂದನ್ನು ನುಂಗುತ್ತಿದ್ದೇನೆ, ಅಮ್ಮನ ಗುಳಿಗೆಯ ಡಬ್ಬಿಯನ್ನೂ ನೋಡಿಕೊಂಡಿದ್ದೇನೆ. ಕೆಳಗಿನ ಯಾವುದನ್ನೂ ಓದಿ ಗುಳಿಗೆ ನಿಲ್ಲಿಸಬೇಡಿ, ಬದಲಿಸಬೇಡಿ. ಡಾಕ್ಟರ ಎದುರು ಕೂತಾಗ ಏನು ಕೇಳಬೇಕು, ಮನೆಯಲ್ಲಿ ಏನು ನೋಡಿಕೊಳ್ಳಬೇಕು, ಅಷ್ಟಕ್ಕೆ ಇದು.

ಮೊದಲ ಹೆಜ್ಜೆ: ಪಟ್ಟಿಯನ್ನು ತಿರುಗಿಸಿ ಓದಿ

ಗುಳಿಗೆಯ ಪಟ್ಟಿಯ ಮೇಲೆ ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದರಿಂದ ನಿಮಗೆ ಉಪಯೋಗವಿಲ್ಲ. ಸಣ್ಣ ಅಕ್ಷರದಲ್ಲಿರುವ ಮದ್ದಿನ ಹೆಸರು ಬೇಕು. ಕಣ್ಣಿಗೆ ಕಾಣದಿದ್ದರೆ ಮೊಮ್ಮಕ್ಕಳ ಫೋನಿನಲ್ಲಿ ಫೋಟೋ ತೆಗೆಸಿ ಹಿಗ್ಗಿಸಿ ಓದಿ. ಮೂತ್ರವರ್ಧಕಗಳಲ್ಲಿ ಮುಖ್ಯವಾಗಿ ಮೂರು ಕುಟುಂಬ.

ಹೈಡ್ರೋಕ್ಲೋರೋಥಯಜೈಡ್, ಕ್ಲೋರ್ಥಾಲಿಡೋನ್, ಇಂಡಾಪಮೈಡ್ ಇವು ಒಂದು ಕುಟುಂಬ, ಥಯಜೈಡ್ ಕುಟುಂಬ. ಪ್ರೆಶರಿಗೆ ಹೆಚ್ಚಾಗಿ ಕೊಡುವುದು ಇವನ್ನೇ. ಇವುಗಳ ಮೂಲಪುರುಷ ಕ್ಲೋರೋಥಯಜೈಡ್ 1958ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂತು. ಅಂದರೆ ಇದು ನಿನ್ನೆ ಮೊನ್ನೆಯ ಪ್ರಯೋಗವಲ್ಲ, ನಮ್ಮ ಅಜ್ಜಂದಿರ ಕಾಲದ ಮದ್ದು. ಇನ್ನೊಂದು ಕುಟುಂಬ ಫ್ಯುರೋಸೆಮೈಡ್, ಟಾರ್ಸೆಮೈಡ್. ಇವು ಜೋರಿನವು. ಹೃದಯ ಅಥವಾ ಮೂತ್ರಪಿಂಡ ಸೋತು ನೀರು ತುಂಬಿದಾಗ ಹೆಚ್ಚು ಕೊಡುತ್ತಾರೆ. ಮೂರನೆಯದು ಸ್ಪೈರೊನೊಲ್ಯಾಕ್ಟೋನ್, ಎಪ್ಲೆರಿನೋನ್, ಅಮಿಲೋರೈಡ್. ಇವು ನೀರನ್ನು ಹೊರಗೆ ಹಾಕಿದರೂ ಪೊಟ್ಯಾಶಿಯಂ ಎಂಬ ಲವಣವನ್ನು ಒಳಗೇ ಹಿಡಿದಿಡುತ್ತವೆ.

ಈ ‘ಹಿಡಿದಿಡುತ್ತವೆ’ ಎಂಬ ಮಾತಿಗೆ ಗೆರೆ ಎಳೆದುಕೊಳ್ಳಿ. ಮೊದಲಿನ ಎರಡು ಕುಟುಂಬ ಪೊಟ್ಯಾಶಿಯಂ ಅನ್ನು ಚೆಲ್ಲುತ್ತವೆ, ಮೂರನೆಯದು ಕೂಡಿಡುತ್ತದೆ. ಹಾಗಾಗಿ ಒಂದೇ ಸೀಯಾಳ ಒಬ್ಬರಿಗೆ ಒಳ್ಳೆಯದು, ಇನ್ನೊಬ್ಬರಿಗೆ ಅಪಾಯ. ‘ನನಗೆ ಬೊಂಡ ಕುಡಿದು ಸರಿಯಾಯಿತು, ನೀವೂ ಕುಡಿಯಿರಿ’ ಎನ್ನುವ ನೆರೆಮನೆಯ ಸಲಹೆ ಅಡ್ಡದಾರಿ ಹಿಡಿಯುವುದು ಇಲ್ಲಿಯೇ.

ಇನ್ನೊಂದು ಸೂಕ್ಷ್ಮ. ಈಗ ಎರಡು ಮದ್ದು ಒಂದೇ ಗುಳಿಗೆಯಲ್ಲಿ ಬರುತ್ತವೆ. ಹೆಸರಿನ ಬಾಲದಲ್ಲಿ ‘ಎಚ್’ ಇದ್ದರೆ ಸಾಮಾನ್ಯವಾಗಿ ಹೈಡ್ರೋಕ್ಲೋರೋಥಯಜೈಡ್ ಸೇರಿದೆ, ‘ಸಿಟಿ’ ಅಥವಾ ‘ಸಿಎಚ್’ ಇದ್ದರೆ ಕ್ಲೋರ್ಥಾಲಿಡೋನ್. ನಮ್ಮ ಕಡೆಯವರಿಗೆ ಇದು ಯಾಕೆ ಮುಖ್ಯ? ದೊಡ್ಡ ಕಾಯಿಲೆಗೆ ಮಂಗಳೂರು, ಸಣ್ಣದಕ್ಕೆ ಹತ್ತಿರದ ಪೇಟೆ, ತಿಂಗಳ ಮದ್ದಿಗೆ ಸರಕಾರಿ ಕುಟುಂಬಾರೋಗ್ಯ ಕೇಂದ್ರ, ಹೀಗೆ ಮೂರು ಕಡೆ ಮೂರು ಚೀಟಿ ನಮ್ಮದು. ನನಗೆ ಒಮ್ಮೆ ಗಡಿಯ ಆಚೆ ಒಬ್ಬರು ‘ಎಚ್’ ಬಾಲದ ಗುಳಿಗೆ ಬರೆದರು, ಈಚೆ ಇನ್ನೊಬ್ಬರು ಅದನ್ನು ನೋಡದೆ ಕ್ಲೋರ್ಥಾಲಿಡೋನ್ ಬರೆದರು. ಚೀಟಿ ತೋರಿಸದಿದ್ದದ್ದು ನನ್ನ ತಪ್ಪೇ. ಹದಿನೈದು ದಿನ ಎರಡೆರಡು ನೀರು ಗುಳಿಗೆ ನುಂಗಿದೆ. ಮೆಟ್ಟಿಲು ಹತ್ತುವಾಗ ತೊಡೆ ಬತ್ತಿದ ಬಾಳೆದಿಂಡಿನ ಹಾಗೆ ಕುಸಿಯುತ್ತಿತ್ತು. ಅಂದಿನಿಂದ ಎಲ್ಲ ಪಟ್ಟಿಗಳನ್ನೂ ಒಂದೇ ಬಟ್ಟೆ ಚೀಲದಲ್ಲಿ ಹಾಕಿ ಡಾಕ್ಟರ ಮೇಜಿನ ಮೇಲೆ ಸುರಿಯುತ್ತೇನೆ. ಅವರಿಗೆ ಕಿರಿಕಿರಿಯಾದರೂ ಪರವಾಗಿಲ್ಲ.

ಹಾಗೇ ಇದನ್ನೂ ಕೇಳಿ: ಈ ಗುಳಿಗೆ ಯಾತಕ್ಕೆ ಬಂತು? ಅಮ್ಲೋಡಿಪಿನ್ ಎಂಬ ಪ್ರೆಶರಿನ ಗುಳಿಗೆಯಿಂದ ಕೆಲವರಿಗೆ ಪಾದ ಬಾಯುತ್ತದೆ. ಆ ಬಾವಿಗೆಂದು ನೀರು ಗುಳಿಗೆ ಸೇರುತ್ತದೆ, ಅದರಿಂದ ಮೀನಖಂಡ ಹಿಡಿಯುತ್ತದೆ, ಅದಕ್ಕೆ ಮತ್ತೊಂದು ಗುಳಿಗೆ. ಅಮ್ಲೋಡಿಪಿನ್ ತರಿಸಿದ ಬಾವು ನೀರು ಗುಳಿಗೆಗೆ ಅಷ್ಟಾಗಿ ಇಳಿಯುವುದೂ ಇಲ್ಲ. ‘ನನ್ನ ಕಾಲಿನ ಬಾವು ಇನ್ನೊಂದು ಗುಳಿಗೆಯಿಂದ ಬಂದದ್ದಿರಬಹುದೇ ಡಾಕ್ಟ್ರೇ?’ ಎಂದು ಕೇಳುವುದರಲ್ಲಿ ಮರ್ಯಾದೆಗೇಡಿಲ್ಲ.

ಎರಡನೆಯ ಹೆಜ್ಜೆ: ಹೊತ್ತು ಸರಿಪಡಿಸಿ

ದಿನಕ್ಕೊಂದೇ ಗುಳಿಗೆಯಾದರೆ ಬೆಳಿಗ್ಗೆ, ತಿಂಡಿಯ ಹೊತ್ತಿಗೆ. ಎರಡಿದ್ದರೆ ಎರಡನೆಯದು ಮಧ್ಯಾಹ್ನ ಊಟದ ಹೊತ್ತಿಗೆ, ಸಂಜೆ ನಾಲ್ಕರ ಆಚೆಗೆ ಹೋಗದ ಹಾಗೆ. ಬೆಳಿಗ್ಗೆ ಮರೆತು ರಾತ್ರಿ ನೆನಪಾದರೆ ಆ ದಿನದ್ದನ್ನು ಬಿಟ್ಟು ಮರುದಿನ ಎಂದಿನಂತೆ ಒಂದೇ. ಎರಡು ಒಟ್ಟಿಗೆ ಬೇಡ.

ಹೊಸದಾಗಿ ಶುರು ಮಾಡಿದವರಿಗೆ ಒಂದು ಸಮಾಧಾನದ ಮಾತು. ಥಯಜೈಡ್ ಕುಟುಂಬದ ಗುಳಿಗೆಯಲ್ಲಿ ಮೊದಲ ಕೆಲವು ವಾರ ಮೂತ್ರ ಹೆಚ್ಚು, ಆಮೇಲೆ ದೇಹ ಹೊಂದಿಕೊಳ್ಳುತ್ತದೆ. ಮೂತ್ರಪಿಂಡ ಉಪ್ಪನ್ನು ಚೆಲ್ಲುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಇದು ಆರಂಭದ ಆಟ. ದಿನ ಕಳೆದಂತೆ ರಕ್ತನಾಳಗಳೇ ಸಡಿಲಗೊಂಡು ಪ್ರೆಶರ್ ಇಳಿದ ಮಟ್ಟದಲ್ಲಿ ನಿಲ್ಲುತ್ತದೆ. ‘ಈಗ ಮೂತ್ರ ಜಾಸ್ತಿ ಹೋಗುತ್ತಿಲ್ಲ, ಗುಳಿಗೆಯ ಪವರ್ ಹೋಯಿತು’ ಎಂದು ಎರಡು ನುಂಗಿದವರನ್ನು ನಾನು ಬಲ್ಲೆ. ಮೂತ್ರ ಅಳೆಯಬೇಡಿ, ಪ್ರೆಶರ್ ಅಳೆಯಿರಿ.

ಹೊತ್ತು ಸರಿಯಿದ್ದೂ ರಾತ್ರಿ ಮೂರ್ನಾಲ್ಕು ಸಲ ಏಳಬೇಕಾದರೆ ಕಾಲು ನೋಡಿಕೊಳ್ಳಿ. ಹಗಲಿಡೀ ಕಾಲು ಇಳಿಬಿಟ್ಟು ಕೂತವರಿಗೆ ಪಾದದಲ್ಲಿ ನೀರು ಇಳಿಯುತ್ತದೆ, ಮಲಗಿದ ಕೂಡಲೇ ಅದು ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಮಧ್ಯಾಹ್ನದ ಮೇಲೆ ಒಂದು ಗಂಟೆ ಚಾವಡಿಯಲ್ಲಿ ಕಾಲನ್ನು ಎರಡು ದಿಂಬಿನ ಮೇಲಿಟ್ಟು ಮಲಗಿದರೆ ಆ ನೀರು ಹಗಲೇ ಹೋಗುತ್ತದೆ. ಆದರೂ ಕಡಿಮೆಯಾಗದಿದ್ದರೆ ಅದು ಸಕ್ಕರೆ ಕಾಯಿಲೆಯೋ ಪ್ರೋಸ್ಟೇಟೋ ಇರಬಹುದು. ಎಲ್ಲವನ್ನೂ ಗುಳಿಗೆಯ ತಲೆಗೆ ಕಟ್ಟಬೇಡಿ.

ಬಚ್ಚಲು ಮನೆಯಿಂದ ಹೊರಗಿರುವ ಹಳೆಯ ಮನೆಗಳಲ್ಲಿ ಹಾಸಿಗೆಯ ಬದಿಗೊಂದು ಪಾತ್ರೆ, ತಲೆದೆಸೆಗೆ ಟಾರ್ಚು. ಮುರಕಲ್ಲಿನ ಮೆಟ್ಟಿಲಿಗೆ ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ. ಆಟಿ ತಿಂಗಳ ನಡುರಾತ್ರಿ ಕೊಡೆ ಹಿಡಿದು ಆ ಮೆಟ್ಟಿಲಿಳಿಯುವುದು ಯಾವ ಪ್ರೆಶರಿಗಿಂತಲೂ ಅಪಾಯ.

ಬಸ್ಸಿನ ದಿನ

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರು. ಕುಂಬಳೆ, ಉಪ್ಪಳ, ಹೊಸಂಗಡಿ, ತಲಪಾಡಿ ದಾಟುವಷ್ಟರಲ್ಲಿ ನೀರು ಗುಳಿಗೆಯವರ ಪ್ರಾಣ ಬಾಯಿಗೆ ಬಂದಿರುತ್ತದೆ. ಗಂಡಸರು ಹೇಗೋ ಸುಧಾರಿಸುತ್ತಾರೆ. ಹೆಂಗಸರು ಮಾಡುವ ಉಪಾಯ ಒಂದೇ: ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುವುದು. ಗುಳಿಗೆ ನುಂಗಿ ನೀರು ಬಿಟ್ಟರೆ ತಲೆಸುತ್ತು, ಮೂತ್ರದ ಉರಿ, ಮೂತ್ರಪಿಂಡಕ್ಕೆ ಪೆಟ್ಟು ಮೂರೂ ಒಟ್ಟಿಗೆ ಬರುತ್ತವೆ. ನನ್ನ ಹೆಂಡತಿಯ ಅಕ್ಕ ಮದುವೆಗೆ ಹೊರಟು ಹಾಗೆಯೇ ಮಾಡಿ, ಧಾರೆಯ ಹೊತ್ತಿಗೆ ಕಣ್ಣು ಕತ್ತಲೆ ಬಂದು ಕಂಬ ಹಿಡಿದು ಕೂತರು.

ನೀರು ಬಿಡುವ ಬದಲು ಗುಳಿಗೆಯ ಹೊತ್ತನ್ನು ಆ ಒಂದು ದಿನ ಮುಂದೂಡಬಹುದೇ ಎಂದು ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಹೆಚ್ಚಿನವರಿಗೆ ಅವರು ಒಪ್ಪುತ್ತಾರೆ, ಯಾಕೆಂದರೆ ಲೆಕ್ಕ ಸರಳ. ಫ್ಯುರೋಸೆಮೈಡ್ ನುಂಗಿದ ಒಂದು ಗಂಟೆಯೊಳಗೆ ಶುರುವಾಗಿ ಸುಮಾರು 6 ಗಂಟೆಯಲ್ಲಿ ಮುಗಿಯುತ್ತದೆ. ಹಾಗಾಗಿ ಊರು ಮುಟ್ಟಿದ ಮೇಲೆ ತೆಗೆದುಕೊಂಡರೆ ದಾರಿಯ ಕಷ್ಟ ತಪ್ಪುತ್ತದೆ. ಕ್ಲೋರ್ಥಾಲಿಡೋನ್ ಎರಡು ಮೂರು ದಿನ ಮೈಯಲ್ಲಿ ಉಳಿಯುವ ಮದ್ದು, ಒಂದು ದಿನ ನಾಲ್ಕೈದು ಗಂಟೆ ತಡವಾದರೆ ಪ್ರೆಶರು ಹಾರಿಹೋಗುವುದಿಲ್ಲ. ಹೃದಯದ ತೊಂದರೆಯಿಂದ ನೀರು ತುಂಬಿ ಆಸ್ಪತ್ರೆ ಸೇರಿ ಬಂದವರು ಮಾತ್ರ ತಮ್ಮಷ್ಟಕ್ಕೆ ಈ ಸಾಹಸ ಮಾಡಬೇಡಿ. ರೈಲಿದ್ದರೆ ರೈಲೇ ಒಳ್ಳೆಯದು, ಶೌಚಾಲಯವಾದರೂ ಇದೆ. ಅದರ ಸ್ಥಿತಿಯ ಬಗ್ಗೆ ಬೇರೆಯೇ ಲೇಖನ ಬರೆಯಬೇಕು.

ಮೂರನೆಯ ಹೆಜ್ಜೆ: ಉಪ್ಪು, ಸೀಯಾಳ, ಮೀನಖಂಡ

ನಡುರಾತ್ರಿ ಮೀನಖಂಡ ಕಲ್ಲಾಗಿ ಹಿಡಿದು ಎದ್ದು ಕೂರುವುದು ಈ ಗುಳಿಗೆಯವರ ಮಾಮೂಲಿ ದೂರು. ಆಗ ಮಾಡುವುದಿಷ್ಟೇ: ಮೊಣಕಾಲು ನೆಟ್ಟಗೆ ಮಾಡಿ ಪಾದವನ್ನು ಮೈಯ ಕಡೆಗೆ ಎಳೆಯಿರಿ, ಇಲ್ಲವೇ ಎದ್ದು ಗೋಡೆಗೆ ಕೈಕೊಟ್ಟು ಹಿಮ್ಮಡಿ ನೆಲಕ್ಕೊತ್ತಿ. ಮಲಗುವ ಮೊದಲು ಇದನ್ನೇ ಎರಡು ನಿಮಿಷ ಮಾಡಿದರೆ ಕೆಲವರಿಗೆ ಅದು ಬರುವುದೇ ಕಡಿಮೆಯಾಗುತ್ತದೆ.

ಮೀನಖಂಡ ಹಿಡಿದದ್ದೆಲ್ಲ ಪೊಟ್ಯಾಶಿಯಂ ಕೊರತೆಯಲ್ಲ. ಪದೇ ಪದೇ ಆದರೆ ರಕ್ತ ಪರೀಕ್ಷೆಯೇ ಹೇಳಬೇಕು. ರಕ್ತದಲ್ಲಿ ಪೊಟ್ಯಾಶಿಯಂ ಸಾಮಾನ್ಯವಾಗಿ 3.5ರಿಂದ 5ರ ಆಸುಪಾಸು ಇರಬೇಕು. ಅದಕ್ಕಿಂತ ಕೆಳಗಿಳಿದರೆ ಸುಸ್ತು, ಮಲಬದ್ಧತೆ, ತೊಡೆಯ ಬಲಹೀನತೆ, ಎದೆ ಹಾರುವುದು. ತೀರಾ ಇಳಿದರೆ ಎದೆಬಡಿತದ ತಾಳವೇ ತಪ್ಪುತ್ತದೆ. ಹೃದಯಕ್ಕೆ ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ಈ ಅಪಾಯ ಇನ್ನೂ ಬೇಗ.

ಮೊದಲಿನ ಎರಡು ಕುಟುಂಬದ ಗುಳಿಗೆಯವರಿಗೆ, ಮೂತ್ರಪಿಂಡ ಸರಿಯಿದ್ದರೆ, ಹಿತ್ತಿಲಲ್ಲೇ ಪರಿಹಾರ ಇದೆ. ಒಂದು ಲೋಟ ಸೀಯಾಳದ ನೀರಿನಲ್ಲಿ ಸುಮಾರು 500–600 ಮಿಲಿಗ್ರಾಂ ಪೊಟ್ಯಾಶಿಯಂ ಇದೆ, ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 400. ಬಸಳೆ, ಹರಿವೆ, ಹುರುಳಿ, ಹೆಸರು ಎಲ್ಲವೂ ಒಳ್ಳೆಯವೇ. ಡಾಕ್ಟರು ಪೊಟ್ಯಾಶಿಯಂ ಸಿರಪ್ ಬರೆದರೆ ಅದನ್ನು ನೀರಿನಲ್ಲಿ ಬೆರೆಸಿ ಊಟದ ಮೇಲೆ ಕುಡಿಯಿರಿ, ಹಾಗೇ ಕುಡಿದರೆ ಹೊಟ್ಟೆ ಉರಿಯುತ್ತದೆ.

ಮೂರನೆಯ ಕುಟುಂಬದ ಗುಳಿಗೆಯವರು, ಅಂದರೆ ಸ್ಪೈರೊನೊಲ್ಯಾಕ್ಟೋನಿನವರು, ಮೇಲಿನ ಪ್ಯಾರಾವನ್ನು ಮರೆತುಬಿಡಿ. ನಿಮಗೆ ಪೊಟ್ಯಾಶಿಯಂ ಏರುವುದೇ ಭಯ. ಜೊತೆಗೆ ಪ್ರೆಶರಿನ ಗುಳಿಗೆಗಳಾದ ಟೆಲ್ಮಿಸಾರ್ಟನ್, ಲೋಸಾರ್ಟನ್, ಎನಲಾಪ್ರಿಲ್, ರ‍್ಯಾಮಿಪ್ರಿಲ್ ಇದ್ದರೆ ಇನ್ನೂ ಹೆಚ್ಚು, ಅವೂ ಪೊಟ್ಯಾಶಿಯಂ ಅನ್ನು ಹಿಡಿದಿಡುವವೇ. ದಿನಾ ಎರಡು ಸೀಯಾಳ ನಿಮಗಲ್ಲ. ಸೊಪ್ಪು ತರಕಾರಿ ಬೇಯಿಸಿದ ನೀರನ್ನು ಚೆಲ್ಲಿದರೆ ಪೊಟ್ಯಾಶಿಯಂ ಸ್ವಲ್ಪ ಕಡಿಮೆಯಾಗುತ್ತದೆ. ಇನ್ನೊಂದು ಗುಪ್ತ ಶತ್ರು ಅಂಗಡಿಯಲ್ಲಿ ಸಿಗುವ ‘ಲೋ ಸೋಡಿಯಂ’ ಉಪ್ಪು. ಪ್ರೆಶರಿಗೆ ಒಳ್ಳೆಯದೆಂದು ಮಕ್ಕಳು ಗಲ್ಫಿನಿಂದ ತಂದುಕೊಡುತ್ತಾರೆ. ಅದರಲ್ಲಿ ಸೋಡಿಯಂ ಬದಲು ಹಾಕುವುದು ಪೊಟ್ಯಾಶಿಯಂ ಕ್ಲೋರೈಡನ್ನೇ.

ಸಾಮಾನ್ಯ ಉಪ್ಪಿನ ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಕೊಂಡಿ ಹೊಂದಿದೆ. ಥಯಜೈಡ್ ತೆಗೆದುಕೊಂಡು ಉಪ್ಪು ಜಾಸ್ತಿ ತಿಂದರೆ, ಉಪ್ಪನ್ನು ಹೊರಹಾಕುವ ಭರದಲ್ಲಿ ಮೂತ್ರಪಿಂಡ ಪೊಟ್ಯಾಶಿಯಂ ಅನ್ನೂ ಹೆಚ್ಚು ಚೆಲ್ಲುತ್ತದೆ. ಉಪ್ಪು ಕಡಿಮೆ ಮಾಡಿದರೆ ಪ್ರೆಶರೂ ಇಳಿಯುತ್ತದೆ, ಪೊಟ್ಯಾಶಿಯಂ ಕೂಡ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಚಹಾ ಚಮಚ, ಎಲ್ಲ ಸೇರಿ. ನಮ್ಮ ಊಟ ನೋಡಿ: ಬೆಳಿಗ್ಗೆ ಗಂಜಿಗೆ ಮಿಡಿ ಉಪ್ಪಿನಕಾಯಿ, ಮಳೆಗಾಲಕ್ಕೆ ಹಲಸಿನ ಉಪ್ಪುಸೊಳೆ, ಹಪ್ಪಳ, ಬಾಳಕ ಮೆಣಸು, ಮೀನು ತಿನ್ನುವವರಿಗೆ ಒಣಮೀನು. ಸಾರಿಗೆ ಹಾಕುವ ಮೊದಲೇ ಚಮಚ ಖಾಲಿ! ನಾನು ಉಪ್ಪುಸೊಳೆ ಬಿಟ್ಟಿಲ್ಲ, ಬಿಡುವ ಪೈಕಿಯವನೂ ಅಲ್ಲ. ಹಿಂದಿನ ರಾತ್ರಿ ನೆನೆಹಾಕಿ ಮೂರು ಸಲ ನೀರು ಬದಲಿಸಿ ಹಿಂಡಿ, ಪಲ್ಯಕ್ಕೆ ಮತ್ತೆ ಉಪ್ಪು ಹಾಕದೆ ಮಾಡಿಸುತ್ತೇನೆ. ಉಪ್ಪಿನಕಾಯಿಯ ರಸ ಬಿಟ್ಟು ಮಿಡಿ ಮಾತ್ರ ಕಚ್ಚುತ್ತೇನೆ.

ನಾಲ್ಕನೆಯ ಹೆಜ್ಜೆ: ‘ಅಮ್ಮನಿಗೆ ಮರೆವು’ ಎಂದುಕೊಳ್ಳುವ ಮೊದಲು ಸೋಡಿಯಂ

ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದದ್ದು ಇದು. ಅಮ್ಮನಿಗೆ ಆಗ 76. ಸಪೂರ ಮೈ. ಥಯಜೈಡ್ ಶುರುವಾಗಿ ಮೂರನೆಯ ವಾರ. ತಿಂಡಿ ಬೇಡ ಎನ್ನತೊಡಗಿದರು, ವಾಕರಿಕೆ, ನಡೆಯುವಾಗ ಓಲಾಟ. ಒಂದು ಸಂಜೆ ನನ್ನನ್ನು ತನ್ನ ತಮ್ಮನ ಹೆಸರಿನಿಂದ ಕರೆದರು. ಆ ಮಾವ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಮನೆಗೆ ಬಂದವರಲ್ಲಿ ಒಬ್ಬರು ಜೋಯಿಸರಲ್ಲಿ ಪ್ರಶ್ನೆ ಇಡಿಸಿ ಅಂದರು, ಇನ್ನೊಬ್ಬರು ಪ್ರಾಯ ಆಯಿತಲ್ಲ ಅಂದರು. ಎಲ್ಲರೂ ಒಪ್ಪಿದ್ದು ಒಂದೇ ಮಾತು: ನೀರು ಕಡಿಮೆಯಾಗಿದೆ, ಚೆನ್ನಾಗಿ ನೀರು ಕುಡಿಸಿ. ಗಂಜಿ ತಿಳಿ, ಜೀರಿಗೆ ನೀರು, ಲೋಟದ ಮೇಲೆ ಲೋಟ ಕುಡಿಸಿದೆವು. ಅಮ್ಮ ಇನ್ನೂ ಮಂಕಾದರು.

ಆಸ್ಪತ್ರೆಯಲ್ಲಿ ಸೋಡಿಯಂ 116. ಇರಬೇಕಾದದ್ದು 135ರಿಂದ 145.

ಈ ಗುಳಿಗೆಗಳಲ್ಲಿ, ಅದರಲ್ಲೂ ಥಯಜೈಡ್ ಕುಟುಂಬದಲ್ಲಿ, ಪ್ರಾಯದವರಿಗೆ, ಮುಖ್ಯವಾಗಿ ಸಪೂರ ಮೈಯ ಹೆಂಗಸರಿಗೆ ಸೋಡಿಯಂ ಕುಸಿಯುವುದುಂಟು. ಹೆಚ್ಚಾಗಿ ಶುರುವಿನ ಕೆಲವು ವಾರಗಳಲ್ಲಿ. ಆ ಹೊತ್ತಿಗೆ ಬರೀ ನೀರು ಕುಡಿಸಿದರೆ ರಕ್ತ ಇನ್ನೂ ತೆಳುವಾಗಿ ಸೋಡಿಯಂ ಇನ್ನೂ ಇಳಿಯುತ್ತದೆ. ಹಾಗೆಂದು ಮನೆಯಲ್ಲಿ ಉಪ್ಪು ನೀರು ಕುಡಿಸಲೂ ಹೋಗಬೇಡಿ. ಅದನ್ನು ಏರಿಸುವುದಕ್ಕೂ ಒಂದು ಗತಿಯಿದೆ, ಅವಸರವಾದರೆ ಮಿದುಳಿಗೇ ಹಾನಿ. ಡಾಕ್ಟರು ಗಂಟೆ ಗಂಟೆಗೆ ನೋಡುತ್ತಾ ನಿಧಾನ ಏರಿಸುತ್ತಾರೆ. ಅಮ್ಮ ನಾಲ್ಕನೆಯ ದಿನ ನನ್ನನ್ನು ನನ್ನ ಹೆಸರಿನಿಂದಲೇ ಕರೆದು, ದನಕ್ಕೆ ಹುಲ್ಲು ಹಾಕಿದ್ದೀಯಾ ಎಂದು ಗದರಿಸಿದರು. ಆ ಗುಳಿಗೆ ನಿಂತಿತು, ಬೇರೆ ಕುಟುಂಬದ ಪ್ರೆಶರಿನ ಗುಳಿಗೆ ಬಂತು.

ಆದ್ದರಿಂದ ಹೊಸ ನೀರು ಗುಳಿಗೆ ಶುರುವಾದ ಪ್ರಾಯದವರಲ್ಲಿ ವಾಕರಿಕೆ, ಓಲಾಟ, ಮಂಕು, ತಪ್ಪು ಮಾತು ಕಂಡರೆ ಅದೇ ದಿನ ರಕ್ತ ಪರೀಕ್ಷೆ. ಫಿಟ್ಸ್ ಬಂದರೆ, ಎಚ್ಚರ ತಪ್ಪಿದರೆ 108ಕ್ಕೆ ಕರೆ.

ಐದನೆಯ ಹೆಜ್ಜೆ: ಎದ್ದು ನಿಲ್ಲುವುದನ್ನು ಮತ್ತೆ ಕಲಿಯಿರಿ

ಮಲಗಿದಲ್ಲಿಂದ ಎದ್ದು ಕೂರಿ. ಕಾಲು ಇಳಿಬಿಟ್ಟು ಪಾದವನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸಿ. ಏನಾದರೂ ಹಿಡಿದು ನಿಲ್ಲಿ. ಆಮೇಲೆ ಹೆಜ್ಜೆ. ಹಂಡೆಯ ಬಿಸಿನೀರು ಮೀಯುವುದು ನಮಗೆಲ್ಲ ಪ್ರೀತಿ, ಆದರೆ ಸುಡುನೀರು ರಕ್ತನಾಳ ಸಡಿಲಿಸಿ ಪ್ರೆಶರ್ ಇಳಿಸುತ್ತದೆ. ಬಚ್ಚಲಲ್ಲಿ ಮಣೆ ಹಾಕಿ ಕೂತು ಮೀಯಿರಿ, ಒಳಗಿನಿಂದ ಚಿಲಕ ಹಾಕಬೇಡಿ. ಯಕ್ಷಗಾನಕ್ಕೋ ಕೋಲಕ್ಕೋ ಹೋಗಿ ರಾತ್ರಿಯಿಡೀ ನಿಂತು ನೋಡುವವರು ಬೆಳಗಿನ ಜಾವ ನಿದ್ದೆಗೆಟ್ಟು, ಖಾಲಿ ಹೊಟ್ಟೆಯಲ್ಲಿ ಗುಳಿಗೆ ನುಂಗಿ ಬಿಸಿಲಿಗೆ ನಡೆಯಬೇಡಿ.

ಮನೆಯಲ್ಲಿ ಪ್ರೆಶರಿನ ಯಂತ್ರ ಇದ್ದರೆ ಐದು ನಿಮಿಷ ಕೂತು ಒಮ್ಮೆ ನೋಡಿ, ಎದ್ದು ನಿಂತು ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ನೋಡಿ. ನಿಂತಾಗ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಬರೆದಿಟ್ಟು ತೋರಿಸಿ. ಗುಳಿಗೆಯ ಪ್ರಮಾಣ ಕಡಿಮೆ ಮಾಡಲು ಡಾಕ್ಟರಿಗೆ ‘ತಲೆ ತಿರುಗುತ್ತದೆ’ ಎಂಬ ಮಾತಿಗಿಂತ ಈ ಎರಡು ಅಂಕಿ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಬಿಸಿಲು, ಉಪವಾಸ, ವಾಂತಿಭೇದಿ

ಮಾರ್ಚಿನಿಂದ ಮೇ ಕೊನೆಯ ಪತ್ತನಾಜೆಯವರೆಗೆ ಕರಾವಳಿಯ ಸೆಕೆಯಲ್ಲಿ ಬೆವರಿನಲ್ಲೇ ಉಪ್ಪು ನೀರು ಹೋಗಿರುತ್ತದೆ, ಮೇಲಿಂದ ಗುಳಿಗೆಯೂ ಎಳೆಯುತ್ತದೆ. ಪ್ರತಿ ವರ್ಷ ಬೇಸಗೆಯಲ್ಲಿ ನನ್ನ ಪ್ರೆಶರ್ 110ಕ್ಕೆ ಇಳಿಯುತ್ತದೆ. ಡಾಕ್ಟರು ಎರಡು ತಿಂಗಳ ಮಟ್ಟಿಗೆ ಪ್ರಮಾಣ ಅರ್ಧ ಮಾಡಿ, ಮಳೆ ಹಿಡಿದ ಮೇಲೆ ಮತ್ತೆ ಹಳೆಯದಕ್ಕೆ ತರುತ್ತಾರೆ. ತೋಟದ ಕೆಲಸದವರು ಬೇಸಗೆಯ ಮೊದಲು ಇದನ್ನು ಕೇಳಿಟ್ಟುಕೊಳ್ಳಿ.

ಏಕಾದಶಿಯ ನಿರ್ಜಲ ಉಪವಾಸ, ರಂಜಾನಿನ ಉಪವಾಸ ಎರಡಕ್ಕೂ ಮೊದಲೇ ಡಾಕ್ಟರ ಬಳಿ ಹೋಗಿ ಹೊತ್ತು ಬದಲಿಸಿಕೊಳ್ಳಬೇಕು. ಹಗಲಿಡೀ ನೀರು ಮುಟ್ಟದೆ ಬೆಳಿಗ್ಗೆ ಗುಳಿಗೆ ನುಂಗುವುದು ಯಾವ ದೇವರಿಗೂ ಬೇಕಾಗಿಲ್ಲ.

ವಾಂತಿಭೇದಿ ಹಿಡಿದ ದಿನ ನೀರು ಗುಳಿಗೆ ಬೆಂಕಿಗೆ ತುಪ್ಪ ಸುರಿದ ಹಾಗೆ. ಅಂಥ ದಿನ ಯಾವ ಗುಳಿಗೆ ನಿಲ್ಲಿಸಬೇಕು, ಎಷ್ಟು ದಿನ, ಮತ್ತೆ ಯಾವಾಗ ಶುರು ಮಾಡಬೇಕು ಎಂಬುದನ್ನು ಆರೋಗ್ಯವಾಗಿರುವಾಗಲೇ ಕೇಳಿ ಚೀಟಿಯ ಹಿಂದೆ ಬರೆಸಿಕೊಳ್ಳಿ. ನಡುರಾತ್ರಿ, ಸುರಿಯುವ ಮಳೆಯಲ್ಲಿ, ಫೋನಿಗೆ ಸಿಗ್ನಲ್ ಇಲ್ಲದಾಗ ಅದೇ ಕೈಹಿಡಿಯುವುದು.

ಆರನೆಯ ಹೆಜ್ಜೆ: ಜೊತೆಗೆ ಸೇರಬಾರದ ಮದ್ದುಗಳು

ಅಡಿಕೆ ಕೊಯ್ಲು ಮುಗಿದ ಮೇಲೆ ಸೊಂಟನೋವು, ಗಂಟುನೋವು. ಅಂಗಡಿಯಲ್ಲಿ ಕೇಳಿದರೆ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಕೊಡುತ್ತಾರೆ. ಇವು ನೀರು ಗುಳಿಗೆಯ ಕೆಲಸವನ್ನು ಕುಂದಿಸುತ್ತವೆ. ಅದಕ್ಕಿಂತ ಮುಖ್ಯವಾಗಿ, ಟೆಲ್ಮಿಸಾರ್ಟನ್ ಜಾತಿಯ ಗುಳಿಗೆ, ನೀರು ಗುಳಿಗೆ, ಈ ನೋವಿನ ಗುಳಿಗೆ ಮೂರೂ ಒಟ್ಟಾದರೆ ಮೂತ್ರಪಿಂಡ ಹಠಾತ್ತಾಗಿ ಸೋಲಬಹುದು. ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೋ ನೋಡಿ, ಸಾಲದಿದ್ದರೆ ಕೇಳಿ.

ನಾಟಿ ಮದ್ದಿನ ವಿಷಯ ನಾಜೂಕಿನದು, ನಮ್ಮ ನೆಲದಲ್ಲಿ ಕಷಾಯ ಕುಡಿಯದ ಮನೆ ಯಾವುದು? ಎರಡನ್ನು ಮಾತ್ರ ಹೇಳುತ್ತೇನೆ. ಕೆಮ್ಮಿಗೆ ಹಾಕುವ ಜ್ಯೇಷ್ಠಮಧು ದಿನಗಟ್ಟಲೆ ತೆಗೆದುಕೊಂಡರೆ ಪ್ರೆಶರನ್ನು ಏರಿಸುತ್ತದೆ, ಪೊಟ್ಯಾಶಿಯಂ ಅನ್ನು ಇಳಿಸುತ್ತದೆ. ನೀರು ಗುಳಿಗೆಯ ಜೊತೆ ಅದು ಎರಡು ಪಾಲು ನಷ್ಟ. ಇನ್ನೊಂದು ಬಿಂಬುಳಿ ಎಂಬ ಹುಳಿಕಾಯಿ. ಕೊಲೆಸ್ಟೆರಾಲಿಗೆ, ಪ್ರೆಶರಿಗೆ ಒಳ್ಳೆಯದೆಂದು ಅದರ ರಸ ಹಿಂಡಿ ಕುಡಿದು, ಅದರಲ್ಲಿರುವ ಆಕ್ಸಲೇಟಿನಿಂದ ಮೂತ್ರಪಿಂಡ ಕೆಟ್ಟ ಪ್ರಕರಣಗಳು ಕೇರಳದಲ್ಲೇ ದಾಖಲಾಗಿವೆ. ಮೀನು ಸಾರಿಗೆ ನಾಲ್ಕು ಬಿಂಬುಳಿ ಬೇರೆ, ಲೋಟದಲ್ಲಿ ರಸ ಬೇರೆ.

ಉಳಿದವು, ಬೇಗ ಬೇಗ

ಕಾಲಿನ ಹೆಬ್ಬೆರಳು ರಾತ್ರೋರಾತ್ರಿ ಕೆಂಪಾಗಿ ಊದಿ ಹೊದಿಕೆ ತಾಗಿದರೂ ಜೀವ ಹೋಗುವಂತಾದರೆ ಅದು ಯೂರಿಕ್ ಆಸಿಡಿನ ಗೌಟ್ ಇರಬಹುದು. ಥಯಜೈಡೂ ಫ್ಯುರೋಸೆಮೈಡೂ ಯೂರಿಕ್ ಆಸಿಡ್ ಏರಿಸುತ್ತವೆ. ಬೂತಾಯಿ ಮೀನು, ಕಳ್ಳು-ಬಿಯರು ಅದಕ್ಕೆ ಒತ್ತಾಸೆ. ಹಾಗೆ ಆದವರಿಗೆ ಡಾಕ್ಟರು ಗುಳಿಗೆ ಬದಲಿಸಬಹುದು. ಪ್ರೆಶರಿನ ಮದ್ದುಗಳಲ್ಲಿ ಲೋಸಾರ್ಟನ್ ಯೂರಿಕ್ ಆಸಿಡನ್ನು ಸ್ವಲ್ಪ ಇಳಿಸುವಂಥದ್ದು.

ಸಕ್ಕರೆ ಕೊಂಚ ಏರಬಹುದು, ವರ್ಷಕ್ಕೊಮ್ಮೆ ನೋಡಿಸಿ. ಅಂಗಳದಲ್ಲಿ ಅಡಿಕೆ ಹರಡುವಾಗ ಕುತ್ತಿಗೆ, ಮುಂಗೈ ಬಿಸಿಲಿಗೆ ತಾಗಿ ಕೆಂಪಾಗಿ ತುರಿಸಿದರೆ ಥಯಜೈಡಿನ ಗುಣವಿರಬಹುದು, ಹಾಳೆಯ ಟೊಪ್ಪಿ ಮುಟ್ಟಾಳೆಯೂ ತುಂಬುತೋಳಿನ ಅಂಗಿಯೂ ಇರಲಿ. ಹೈಡ್ರೋಕ್ಲೋರೋಥಯಜೈಡನ್ನು ಬಹಳ ವರ್ಷ ತೆಗೆದುಕೊಂಡವರಲ್ಲಿ ಒಂದು ಬಗೆಯ ಚರ್ಮದ ಕ್ಯಾನ್ಸರ್ ತುಸು ಹೆಚ್ಚೆಂದು 2018ರಲ್ಲಿ ಯುರೋಪಿನ ಔಷಧ ನಿಯಂತ್ರಕರು ಎಚ್ಚರಿಸಿದರು. ಅದು ಮುಖ್ಯವಾಗಿ ಬಿಳಿ ಚರ್ಮದವರ ಅಂಕಿಅಂಶದಿಂದ ಬಂದ ಮಾತು. ಹೆದರಬೇಕಾಗಿಲ್ಲ, ವಾಸಿಯಾಗದ ಹುಣ್ಣಿದ್ದರೆ ಮಾತ್ರ ತೋರಿಸಿ.

ಇದ್ದಕ್ಕಿದ್ದಂತೆ ಕಣ್ಣು ನೋವು, ಮಂಜು ದೃಷ್ಟಿ ಬಂದರೆ ತಡ ಮಾಡದೆ ಕಣ್ಣಿನ ಡಾಕ್ಟರು. ಅಪರೂಪ, ಆದರೆ ತುರ್ತು. ಸಲ್ಫಾ ಮದ್ದಿಗೆ ಮೈ ದದ್ದೆದ್ದ ಚರಿತ್ರೆಯಿದ್ದರೆ ಶುರುವಿನಲ್ಲೇ ಹೇಳಿ.

ಗಂಡಸರು ಬಾಯಿಬಿಡದ ಎರಡು ವಿಷಯ: ಥಯಜೈಡಿನಿಂದ ಕೆಲವರಿಗೆ ಹಾಸಿಗೆಯಲ್ಲಿ ಬಲ ಕುಂದುತ್ತದೆ, ಸ್ಪೈರೊನೊಲ್ಯಾಕ್ಟೋನಿನಿಂದ ಎದೆ ಊದಿ ನೋಯುತ್ತದೆ. ಎರಡಕ್ಕೂ ಬದಲಿ ಗುಳಿಗೆಗಳಿವೆ. ನಾಚಿಕೆಯಿಂದ ಗುಟ್ಟಾಗಿ ಗುಳಿಗೆ ಬಿಟ್ಟು ಪಾರ್ಶ್ವವಾಯು ಬರಿಸಿಕೊಂಡವರ ಮನೆಗೆ ನಾನು ಹೋಗಿ ಬಂದಿದ್ದೇನೆ.

ಏಳನೆಯ ಹೆಜ್ಜೆ: ರಕ್ತ ಪರೀಕ್ಷೆ ಮತ್ತು ಪುಸ್ತಕ

ಸೋಡಿಯಂ, ಪೊಟ್ಯಾಶಿಯಂ, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್. ಇವಿಷ್ಟನ್ನು ಗುಳಿಗೆ ಶುರುವಾಗುವ ಮೊದಲೊಮ್ಮೆ, ಶುರುವಾದ ಅಥವಾ ಪ್ರಮಾಣ ಬದಲಿಸಿದ ಎರಡರಿಂದ ನಾಲ್ಕು ವಾರದಲ್ಲಿ ಇನ್ನೊಮ್ಮೆ, ಆಮೇಲೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಮಾಡಿಸುವುದು ವಾಡಿಕೆ. ಪ್ರಾಯದವರಿಗೆ, ಮೂತ್ರಪಿಂಡ ದುರ್ಬಲವಿರುವವರಿಗೆ, ಸ್ಪೈರೊನೊಲ್ಯಾಕ್ಟೋನಿನವರಿಗೆ ಇನ್ನೂ ಬೇಗ ಬೇಗ. ಡಾಕ್ಟರು ಬರೆಯಲು ಮರೆತರೆ ನೀವೇ ನೆನಪಿಸಿ.

ಒಂದು ನೋಟ್ ಪುಸ್ತಕ ಇಡಿ. ತಾರೀಕು, ಪ್ರೆಶರ್, ತೂಕ, ಏನು ತೊಂದರೆ, ಗುಳಿಗೆ ನುಂಗಿ ಎಷ್ಟು ಹೊತ್ತಿಗೆ. ಹೃದಯದ ತೊಂದರೆ ಇರುವವರು ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು ತೂಕ ನೋಡಲಿ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಊಟವಲ್ಲ, ನೀರು. ಕೂಡಲೇ ಫೋನ್ ಮಾಡಿ.

ಭಾಷೆಯ ತೊಡಕು ನಮಗೆ ಮಾತ್ರ ಇರುವ ಅಡ್ಡ ಪರಿಣಾಮ. ಹೊಸದಾಗಿ ತೆಂಕಣಿಂದ ಬಂದ ಡಾಕ್ಟರಿಗೆ ನಮ್ಮ ಕನ್ನಡವೂ ತಿಳಿಯದು, ತುಳುವೂ ತಿಳಿಯದು. ಪುಸ್ತಕದ ಮೊದಲ ಪುಟದಲ್ಲಿ ಇಷ್ಟು ಬರೆದಿಡಿ: ತಲೆ ತಿರುಗುವುದಕ್ಕೆ ‘ತಲಕರಕ್ಕಂ’, ಸುಸ್ತಿಗೆ ‘ಕ್ಷೀಣಂ’, ಮೀನಖಂಡ ಹಿಡಿಯುವುದಕ್ಕೆ ‘ಮಸಿಲ್ ಪಿಡಿತ್ತಂ’, ವಾಂತಿಗೆ ‘ಛರ್ದಿ’. ಗುಳಿಗೆಯ ಹೊತ್ತನ್ನು ಬಾಯಿಮಾತಿನಲ್ಲಿ ಬಿಡಬೇಡಿ, ಗಡಿಯಾರದ ಅಂಕಿಯಲ್ಲೇ ಬರೆಸಿಕೊಳ್ಳಿ. ಅಂಕಿಗೆ ಮಲೆಯಾಳವೂ ಇಲ್ಲ, ಕನ್ನಡವೂ ಇಲ್ಲ.

ಹದಿನೈದು ದಿನದ ಗುಳಿಗೆ ಯಾವಾಗಲೂ ಹೆಚ್ಚಿಗೆ ಇರಲಿ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ಚೀಟಿ ನಂಬಿ ಬದುಕಿದ್ದವರು ಏನು ಪಾಡುಪಟ್ಟರೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಗಿನಿಂದ ನಾನು ಮಂಗಳೂರಿನ ಚೀಟಿಯನ್ನು ಇಲ್ಲಿನ ಕುಟುಂಬಾರೋಗ್ಯ ಕೇಂದ್ರದ ಪುಸ್ತಕದಲ್ಲೂ ಬರೆಸಿಟ್ಟಿದ್ದೇನೆ. ಒಂದೇ ಮದ್ದು ಬೇರೆ ಹೆಸರಿನಲ್ಲಿ ಅಲ್ಲಿ ಸಿಗುತ್ತದೆ.

ನೆರೆಮನೆಯ ಅಜ್ಜನ ಮೊಣಕೈ ಕೂಡಿಕೊಂಡಿದೆ. ಗುಳಿಗೆ ಅದೇ, ಹೊತ್ತು ಮಾತ್ರ ಬೇರೆ. ಅವರ ಪಟ್ಟಿಯ ಮೇಲೆ ಮೊಮ್ಮಗಳು ಸ್ಕೆಚ್ ಪೆನ್ನಿನಲ್ಲಿ ಎರಡು ಸೂರ್ಯ ಬರೆದಿದ್ದಾಳೆ: ಒಂದು ತೆಂಗಿನ ಮರದ ಹಿಂದಿನಿಂದ ಏಳುವುದು, ಇನ್ನೊಂದು ನೆತ್ತಿಯ ಮೇಲಿನದು.